ಐವತ್ತು ಅಡಿ ಎರಡು ಅಂಗುಲ

1948ರ ಆಗಸ್ಟ್ 3. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಹಾಪ್-ಸ್ಟೆಪ್-ಜಂಪ್ ಸ್ಪರ್ಧೆಯ ಫೈನಲ್. ಓಟದ ಪಟ್ಟಿಯ ತುದಿಯಲ್ಲಿ 19 ವರ್ಷದ ಹುಡುಗ ನಿಂತಿದ್ದಾನೆ. ಮುಂದೆ ಸಿಂಡರ್ ಹಾಸಿದ ಕಪ್ಪು ಹಾದಿ, ಹಾದಿಯ ಕೊನೆಗೆ ಹಲಗೆ, ಹಲಗೆಯಾಚೆ ಮರಳು. ಮೈ ಬಿಸಿಯೇರಿದೆ, ಕಾಲು ಹದಕ್ಕೆ ಬಂದಿದೆ, ಕಣ್ಣು ಹಲಗೆಯ ಮೇಲೆ ನೆಟ್ಟಿದೆ. ಉಸಿರು ಒಳಗೆಳೆದುಕೊಂಡು ಇನ್ನೇನು ಹೊರಡಬೇಕು, ಅಧಿಕಾರಿ ತಡೆದರು. ನಿಲ್ಲು! ಪದಕ ಪ್ರದಾನ ಸಮಾರಂಭ ಆಗಬೇಕಿದೆ. ಅದು ಮುಗಿಯುವವರೆಗೆ ಯಾರೂ ಜಿಗಿಯುವಂತಿಲ್ಲ.

ಹುಡುಗ ನಿಂತ. ಗಾಳಿ ಚಳಿಚಳಿಯಾಗಿ ಬೀಸುತ್ತಿತ್ತು.

ಹೆಸರು ಹೆನ್ರಿ ರೆಬೆಲ್ಲೊ. ಹುಟ್ಟಿದ್ದು 1928ರ ನವೆಂಬರ್ 29ರಂದು, ಲಕ್ನೋದಲ್ಲಿ. ಓದಿದ್ದು, ಓಡಿದ್ದು, ಜಿಗಿಯಲು ಕಲಿತದ್ದು ನಮ್ಮ ಬೆಂಗಳೂರಿನಲ್ಲಿ, ಬಾಲ್ಡ್‌ವಿನ್ ಬಾಯ್ಸ್ ಹೈಸ್ಕೂಲಿನಲ್ಲಿ. ನಮ್ಮ ಗೊಟ್ಟಿಗೆರೆಯಿಂದ ಆ ಶಾಲೆಗೆ ಹೋಗುವ ದಾರಿ ಹೆಚ್ಚುಕಡಿಮೆ ಒಂದೇ ನೇರ. ಬನ್ನೇರುಘಟ್ಟ ರಸ್ತೆ ಹಿಡಿದು ಹುಳಿಮಾವು, ಅರೆಕೆರೆ, ಬಿಳೇಕಹಳ್ಳಿ, ಜಯದೇವ ಆಸ್ಪತ್ರೆ ದಾಟಬೇಕು. ಡೈರಿ ಸರ್ಕಲ್ಲಿನ ಮುಂದೆ ಹೊಸೂರು ರಸ್ತೆ ಸಿಗುತ್ತದೆ. ಅದರಲ್ಲೇ ಜಾನ್ಸನ್ ಮಾರ್ಕೆಟ್ಟಿನ ಕಡೆಗೆ ಸಾಗಿದರೆ ಬಾಲ್ಡ್‌ವಿನ್. ರೆಬೆಲ್ಲೊ ಅಲ್ಲಿ ಓದುತ್ತಿದ್ದ ಕಾಲಕ್ಕೆ ನಮ್ಮ ಗೊಟ್ಟಿಗೆರೆ ಊರಾಚೆಯ ಹಳ್ಳಿ; ಕೆರೆ, ಹೊಲ, ತೋಪು. ಇಂದು ಅದೇ ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಕಂಬಗಳು ಎದ್ದಿವೆ. ಆದರೆ ಈ ದಾರಿಯಲ್ಲಿ ದಿನಾ ಓಡಾಡುವ ಶಾಲಾ ಮಕ್ಕಳಲ್ಲಿ ರೆಬೆಲ್ಲೊ ಹೆಸರು ಕೇಳಿದವರು ಬೆರಳೆಣಿಕೆಯಷ್ಟೂ ಸಿಗಲಾರರು. ಅದು ನನ್ನನ್ನು ಬಹಳ ನೋಯಿಸುತ್ತದೆ. ಆ ಹುಡುಗ ಎಷ್ಟು ದೊಡ್ಡವನಾಗಿದ್ದ ಎಂದು ಹೇಳದೆ ನನಗೆ ಸಮಾಧಾನವಿಲ್ಲ.

1948ರ ಫೆಬ್ರವರಿ. ಗಾಂಧೀಜಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಲಕ್ನೋದಲ್ಲಿ ಅಖಿಲ ಭಾರತ ಒಲಿಂಪಿಕ್ ಕ್ರೀಡಾಕೂಟ. ತಾನು ಹುಟ್ಟಿದ ಊರಿನ ಮರಳಿನ ಮೇಲೆ ರೆಬೆಲ್ಲೊ ಜಿಗಿದ. ಟೇಪು ಎಳೆದು ನೋಡಿದರೆ 50 ಅಡಿ 2 ಅಂಗುಲ! ಮೀಟರಿನಲ್ಲಿ 15.29. ಗೊಟ್ಟಿಗೆರೆಯ ಬಡಾವಣೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾದ 30-50ರ ಸೈಟು ಇದೆಯಲ್ಲ, ಅದರ ಮುಂದಿನ ಗಡಿಕಲ್ಲಿನ ಮೇಲೆ ಕಾಲಿಟ್ಟು ಹಾರಿದವನು ನಡುವೆ ಎರಡೇ ಸಲ ನೆಲ ಮುಟ್ಟಿ ಹಿಂದಿನ ಗಡಿಕಲ್ಲಿನಾಚೆ ಹೋಗಿ ಬಿದ್ದಂತೆ. ಆ ವರ್ಷ ಒಲಿಂಪಿಕ್ಸ್‌ಗೆ ಮುನ್ನ ಜಗತ್ತಿನಲ್ಲಿ ದಾಖಲಾದ ಜಿಗಿತಗಳ ಪಟ್ಟಿಯಲ್ಲಿ ಅದು ಮುಂಚೂಣಿಯಲ್ಲಿತ್ತು. ಚಿನ್ನ ಗೆಲ್ಲಬಹುದಾದವರ ಸಾಲಿನಲ್ಲಿ ಸ್ವತಂತ್ರ ಭಾರತದ ಹುಡುಗನೊಬ್ಬನ ಹೆಸರು ಸೇರಿಬಿಟ್ಟಿತು.

ಆ 50 ಅಡಿಯ ಬೆಲೆ ತಿಳಿಯಬೇಕಾದರೆ ಈ ಆಟದ ಹಿಂದಿನ ನಲವತ್ತು ವರ್ಷಗಳತ್ತ ಒಮ್ಮೆ ನೋಡಬೇಕು. 1908ರಲ್ಲಿ ಇದೇ ಲಂಡನ್ನಿನಲ್ಲಿ ಐರ್ಲೆಂಡಿನ ಟಿಮ್ ಅಹರ್ನ್ 14.92 ಮೀಟರ್ ಜಿಗಿದು ಚಿನ್ನ ಗೆದ್ದ. ಅವನ ತಮ್ಮ ಡ್ಯಾನ್ ಅಮೆರಿಕಕ್ಕೆ ಹೋಗಿ ನೆಲೆಸಿ, 1911ರಲ್ಲಿ 15.52 ಮೀಟರ್ ಹಾರಿ ಅಣ್ಣನನ್ನೂ ಮೀರಿಸಿದ. ಅಧಿಕೃತ ವಿಶ್ವದಾಖಲೆಗಳ ಪುಸ್ತಕ ಶುರುವಾಗುವುದೇ ಆ ಜಿಗಿತದಿಂದ. ಹದಿಮೂರು ವರ್ಷ ಯಾರೂ ಅದನ್ನು ಅಲುಗಿಸಲಾಗಲಿಲ್ಲ. 1924ರ ಪ್ಯಾರಿಸ್ಸಿನಲ್ಲಿ ಆಸ್ಟ್ರೇಲಿಯಾದ ನಿಕ್ ವಿಂಟರ್ ಕೂದಲೆಳೆಯಷ್ಟರಲ್ಲಿ ಅದನ್ನು ದಾಟಿದ. ಆಮೇಲೆ ಜಪಾನೀಯರ ಯುಗ. 1928ರಲ್ಲಿ ಮಿಕಿಯೊ ಓಡಾ 15.21 ಮೀಟರ್ ಜಿಗಿದು, ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಏಷ್ಯನ್ ಎನಿಸಿದ. 1932ರಲ್ಲಿ ಚುಹೈ ನಂಬು 15.72. 1936ರಲ್ಲಿ ನವೋತೊ ತಜಿಮಾ ಸರಿಯಾಗಿ 16 ಮೀಟರ್. ಸತತ ಮೂರು ಒಲಿಂಪಿಕ್ಸ್, ಮೂರೂ ಚಿನ್ನ ಒಂದೇ ದೇಶಕ್ಕೆ!

ಓಡಾ ಚಿನ್ನ ಗೆದ್ದದ್ದು 1928ರ ಆಗಸ್ಟಿನಲ್ಲಿ. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ರೆಬೆಲ್ಲೊ ಹುಟ್ಟಿದ. ಓಡಾನಿಗೆ ಚಿನ್ನ ತಂದುಕೊಟ್ಟ ದೂರಕ್ಕಿಂತ ಎಂಟು ಸೆಂಟಿಮೀಟರ್ ಹೆಚ್ಚು ಜಿಗಿದು ಲಂಡನ್ನಿಗೆ ಹೊರಟ. ಯುದ್ಧ ಸೋತ ಜಪಾನಿಗೆ 1948ರಲ್ಲಿ ಆಹ್ವಾನವೇ ಇರಲಿಲ್ಲ. ಹಾಗಾಗಿ ಏಷ್ಯಾದವರ ಪರಾಕ್ರಮದ ಈ ಆಟದಲ್ಲಿ ಏಷ್ಯಾದ ದೊಡ್ಡ ಭರವಸೆಯೆಂದರೆ ಬೆಂಗಳೂರಿನ ಈ ಹುಡುಗ.

ಇನ್ನು ಈ ಆಟ ಮೈಯನ್ನು ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ. ಪೂರ್ಣ ವೇಗದಲ್ಲಿ ಓಡಿ ಬಂದು ಹಲಗೆ ತುಳಿಯಬೇಕು. ಮೊದಲ ನೆಗೆತದಲ್ಲಿ ಯಾವ ಕಾಲಿನಿಂದ ಹಾರಿದನೋ ಅದೇ ಕಾಲಿನ ಮೇಲೆ ಇಳಿಯಬೇಕು. ಎರಡನೆಯದರಲ್ಲಿ ಇನ್ನೊಂದು ಕಾಲಿನ ಮೇಲೆ. ಮೂರನೆಯದು ಮರಳಿಗೆ. ಗಾಳಿಯಲ್ಲಿ ತೇಲಿ ಬಂದ ಇಡೀ ದೇಹ ಒಂದೇ ಪಾದದ ಮೇಲೆ ಅಪ್ಪಳಿಸುವಾಗ ಆ ಕಾಲಿನ ಮೇಲೆ ದೇಹತೂಕದ ಹತ್ತು ಪಟ್ಟಿಗೂ ಮೀರಿದ ಹೊರೆ ಬೀಳುತ್ತದೆ. ಅದನ್ನು ತಡೆದುಕೊಂಡು, ಕುಸಿಯದೆ, ಸೆಕೆಂಡಿನ ಐದನೇ ಒಂದು ಭಾಗಕ್ಕೂ ಕಡಿಮೆ ಹೊತ್ತಿನಲ್ಲಿ ಮತ್ತೆ ಮೇಲಕ್ಕೆ ಚಿಮ್ಮಬೇಕು. ಈ ಕೆಲಸದ ದೊಡ್ಡ ಪಾಲು ತೊಡೆಯ ಹಿಂಭಾಗದ ಸ್ನಾಯುಗಳದು, ಅಂದರೆ ಹ್ಯಾಮ್‌ಸ್ಟ್ರಿಂಗ್‌ನದು. ಓಡುವಾಗ ಮುಂದಕ್ಕೆ ಬೀಸುವ ಮೊಣಕಾಲಿನ ಕೆಳಭಾಗವನ್ನು ಹಿಡಿದು ನಿಲ್ಲಿಸುವುದೂ ಅದೇ, ಮರುಕ್ಷಣ ಸೊಂಟವನ್ನು ಮುಂದಕ್ಕೆ ನೂಕುವುದೂ ಅದೇ. ಬಿಸಿಯಾದ ಸ್ನಾಯು ಹಿಗ್ಗಿ ಮಣಿಯುತ್ತದೆ. ತಣ್ಣಗಾದದ್ದು ಬಿಗಿದುಕೊಳ್ಳುತ್ತದೆ. ಜಿಗಿಯುವವರು ಸರದಿಯ ನಡುವೆಯೂ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಕುಪ್ಪಳಿಸುತ್ತ, ತೊಡೆ ತಿಕ್ಕಿಕೊಳ್ಳುತ್ತ ಇರುವುದು ಅದಕ್ಕೇ.

ಲಂಡನ್ನು ಆಗಿನ್ನೂ ಯುದ್ಧದ ಪೆಟ್ಟಿನಿಂದ ಚೇತರಿಸಿಕೊಂಡಿರಲಿಲ್ಲ. ಊಟಕ್ಕೆ ಪಡಿತರ. ಹೊಸ ಕ್ರೀಡಾಗ್ರಾಮ ಕಟ್ಟಲು ಹಣವಿಲ್ಲದೆ, ಬಂದ ಕ್ರೀಡಾಪಟುಗಳನ್ನು ಸೇನಾ ಶಿಬಿರಗಳಲ್ಲಿ, ಕಾಲೇಜುಗಳಲ್ಲಿ ಇಳಿಸಿದ್ದರು. ಜುಲೈ 29ರಂದು ಕ್ರೀಡಾಕೂಟ ಶುರುವಾದಾಗ ಸುಡುಬಿಸಿಲು. ಒಂದೆರಡು ದಿನಗಳಲ್ಲೇ ಮೋಡ, ಮಳೆ, ಕೆಸರು.

ಆ ಭಾರತ ತಂಡದಲ್ಲಿ ನಮ್ಮ ಊರಿನವರು ಇನ್ನೂ ಇದ್ದರು. ಜುಲೈ 31ರಂದು ಫುಟ್‌ಬಾಲ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು. 1-2ರಿಂದ ಸೋತೆವು. ಆದರೆ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು! ಕೂಟ ಶುರುವಾಗಿ ಮೂರೇ ದಿನ; ಅಷ್ಟರಲ್ಲಿ ಬೆಂಗಳೂರಿನ ಕಾಲೊಂದು ತನ್ನ ಗುರುತು ಬಿಟ್ಟಿತ್ತು. ಇನ್ನೊಂದು ಕಾಲಿನ ಸರದಿ ಆಗಸ್ಟ್ 3ಕ್ಕೆ.

ಕನ್ನಡ ನಾಡಿನವರಿಗೆ ಯುರೋಪಿನ ಚಳಿಯ ಜೊತೆ ಸೆಣಸುವುದು ಅದೇ ಮೊದಲೂ ಅಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿದ್ದರು. ಅಂದಿನ ದಾರಿ 42.75 ಕಿಲೋಮೀಟರ್, ಇಂದಿನ ಮ್ಯಾರಥಾನಿಗಿಂತಲೂ ಉದ್ದ. ತಣ್ಣನೆಯ ಮಳೆ. ಬಿಸಿಲ ನಾಡಿನ ಆ ಯುವಕ ಒಂದು ಕಡೆಯೂ ಕೈಚೆಲ್ಲದೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾಗಿ ಬಂದರು. ಓಡುತ್ತಲೇ ಇರುವವನ ಮೈಯನ್ನು ಚಳಿ ಸುಲಭವಾಗಿ ಮುಟ್ಟಲಾರದು. ರೆಬೆಲ್ಲೊನ ಗತಿ ಬೇರೆಯಾಗಿತ್ತು. ಅವನನ್ನು ನಿಲ್ಲಿಸಿಬಿಟ್ಟರು.

ಅರ್ಹತಾ ಸುತ್ತನ್ನು ಅವನು ದಾಟಿದ್ದ. ಫೈನಲ್ಲಿಗೆ ಬಂದಿದ್ದ. ಫೈನಲ್ಲಿನಲ್ಲಿದ್ದವರಲ್ಲಿ ಎಲ್ಲರಿಗಿಂತ ಕಿರಿಯ. ಮೈ ಬಿಸಿ ಮಾಡಿಕೊಂಡು ಸಿದ್ಧನಾಗಿದ್ದ. ಸರದಿಯೂ ಬಂದಿತ್ತು. ಆಗ ಬಂತು ಆ ಆಜ್ಞೆ.

ಸಮಾರಂಭ ಶುರುವಾಯಿತು. ವಿಜಯ ವೇದಿಕೆ, ಪದಕ, ಏರುವ ಬಾವುಟ, ವಾದ್ಯ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಜಿಗಿಯಬೇಕಾದವನೂ ನಿಂತಿದ್ದ. ಚಳಿಗಾಳಿ ತೊಡೆಗಳ ಮೇಲೆ ಹಾದುಹೋಗುತ್ತಿತ್ತು. ನಿಮಿಷಗಳು ಉರುಳಿದವು. ಅಷ್ಟು ಹೊತ್ತು ಕಷ್ಟಪಟ್ಟು ಸ್ನಾಯುಗಳಿಗೆ ತುಂಬಿದ್ದ ಬಿಸಿ ಮೆಲ್ಲಮೆಲ್ಲನೆ ಸೋರಿಹೋಯಿತು.

ವಾದ್ಯ ನಿಂತಿತು. ಮರುಕ್ಷಣವೇ ಕರೆ. ರೆಬೆಲ್ಲೊ, ಜಿಗಿ!

ಐದು ನಿಮಿಷ ಕೊಡಿ ಎಂದು ಕೇಳಬಹುದಿತ್ತೇ? ಎರಡು ಸಲ ಮೈದಾನ ಸುತ್ತಿ ಬರುತ್ತೇನೆ ಎನ್ನಬಹುದಿತ್ತೇ? ಹಾಗೆ ಕೇಳಿ ಪಡೆಯುವ ಎದೆಗಾರಿಕೆ ನಾಲ್ಕಾರು ದೊಡ್ಡ ಕೂಟ ಕಂಡವರಿಗೆ ಬರುತ್ತದೆ. 19 ವರ್ಷದವನಿಗೆ, ಅದೂ ಮೊದಲ ಒಲಿಂಪಿಕ್ಸ್‌ನಲ್ಲಿ, ಒಂದು ವರ್ಷದ ಹಿಂದಷ್ಟೇ ತನ್ನ ದೇಶವನ್ನು ಬಿಟ್ಟುಹೋದ ಆಳರಸರ ರಾಜಧಾನಿಯಲ್ಲಿ, ಅವರದೇ ಅಧಿಕಾರಿಗಳ ಮುಂದೆ ಅದು ಎಲ್ಲಿಂದ ಬರಬೇಕು? ಅವನಿಗೆ ಗೊತ್ತಿದ್ದದ್ದು ಒಂದೇ. ಕರೆದರೆ ಓಡಬೇಕು.

ಓಡಿದ. ತಣ್ಣಗಾದ ಕಾಲಿನಲ್ಲೇ, ಲಕ್ನೋದಲ್ಲಿ ಓಡಿದ ಹಾಗೆಯೇ, ಏನನ್ನೂ ಉಳಿಸಿಕೊಳ್ಳದೆ ಓಡಿದ. ಸಿಂಡರ್ ಚರಚರನೆ ಸಿಡಿಯಿತು. ಹಲಗೆ ಹತ್ತಿರ ಬಂತು, ಇನ್ನೂ ಹತ್ತಿರ, ಕಾಲು ಹಲಗೆಗೆ ಬಡಿಯಿತು, ಮೈ ಮೇಲೆದ್ದಿತು. ಅದೇ ಗಳಿಗೆಯಲ್ಲಿ ತೊಡೆಯ ಹಿಂದಿನ ಸ್ನಾಯು ಹರಿಯಿತು! ಮೇಲೆದ್ದ ಮೈಗೆ ಇಳಿಯಲು ಕಾಲಿಲ್ಲ. ಹಾಪ್ ಇಲ್ಲ, ಸ್ಟೆಪ್ ಇಲ್ಲ. ವೇಗವೇ ಅವನನ್ನು ಎತ್ತಿ ಒಗೆಯಿತು. ಜಗತ್ತಿನ ಮುಂಚೂಣಿಯ ಜಿಗಿತಗಾರ ನೋವಿನಲ್ಲಿ ಮುದುಡಿ ಬಿದ್ದ. ಅಲ್ಲಿಂದ ಅವನನ್ನು ಹೊತ್ತು ತಂದರು.

ಸ್ಪರ್ಧೆ ಮುಂದುವರಿಯಿತು. ಸ್ವೀಡನ್ನಿನ ಆರ್ನೆ ಓಮನ್ 15.40 ಮೀಟರ್ ಜಿಗಿದು ಚಿನ್ನ ಗೆದ್ದ. ಆಸ್ಟ್ರೇಲಿಯಾದ ಜಾರ್ಜ್ ಏವರಿ 15.36. ಕಂಚು ಟರ್ಕಿಯ ರೂಹಿ ಸರಿಆಲ್ಪ್‌ಗೆ, 15.02. ಲಕ್ನೋದ 15.29ನ್ನು ಈ ಪಟ್ಟಿಯ ಪಕ್ಕಕ್ಕೆ ಇಟ್ಟು ನೋಡಿ. ಚಿನ್ನಕ್ಕೆ ಹನ್ನೊಂದು ಸೆಂಟಿಮೀಟರ್, ಬೆಳ್ಳಿಗೆ ಏಳು. ಕಂಚನ್ನಂತೂ ಕಾಲು ಮೀಟರಿಗೂ ಹೆಚ್ಚು ಅಂತರದಲ್ಲಿ ದಾಟಿದಂತಾಯಿತು. ಲಕ್ನೋದಲ್ಲಿ ಮಾಡಿದ್ದನ್ನು ವೆಂಬ್ಲಿಯಲ್ಲಿ ಅವನು ಖಂಡಿತ ಮಾಡುತ್ತಿದ್ದ ಎಂದು ಯಾರೂ ಆಣೆಯಿಡಲಾಗದು, ಕ್ರೀಡೆಯಲ್ಲಿ ಅಂಥ ಲೆಕ್ಕ ನಡೆಯದು. ಆದರೆ ಅದನ್ನು ಮಾಡಿ ನೋಡುವ ಅವಕಾಶವನ್ನು ಅವನಿಂದ ಕಿತ್ತುಕೊಂಡದ್ದು ಬೇರೆ ಜಿಗಿತಗಾರರಲ್ಲ. ಅದನ್ನು ಮಾತ್ರ ಆಣೆಯಿಟ್ಟು ಹೇಳಬಹುದು.

ತಾರೀಕನ್ನೂ ಗಮನಿಸಬೇಕು. ಹಾಕಿ ತಂಡ ಬ್ರಿಟನ್ನನ್ನು 4-0ಯಿಂದ ಸದೆಬಡಿದು ಸ್ವತಂತ್ರ ಭಾರತಕ್ಕೆ ಮೊದಲ ಚಿನ್ನ ತಂದದ್ದು ಆಗಸ್ಟ್ 12ರಂದು. ರೆಬೆಲ್ಲೊನ ಫೈನಲ್ ಅದಕ್ಕಿಂತ ಒಂಬತ್ತು ದಿನ ಮೊದಲು. ಅಂದು ಅವನ ಕೊರಳಿಗೆ ಯಾವ ಬಣ್ಣದ ಪದಕ ಬಿದ್ದಿದ್ದರೂ, ಸ್ವತಂತ್ರ ಭಾರತದ ಮೊಟ್ಟಮೊದಲ ಒಲಿಂಪಿಕ್ ಪದಕ ಬೆಂಗಳೂರಿನ ಹುಡುಗನದಾಗುತ್ತಿತ್ತು. ಅಥ್ಲೆಟಿಕ್ಸ್‌ನಲ್ಲಂತೂ ದೇಶ ಇನ್ನೂ 73 ವರ್ಷ ಕಾಯಬೇಕಾಯಿತು. ರೋಮ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು, ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದಾಗ ಆ ಬಾಗಿಲು ತೆರೆಯಿತು.

ಆ ದಿನ ವೆಂಬ್ಲಿಯಲ್ಲಿ ಜಿಗಿದವರಲ್ಲಿ ಬ್ರೆಜಿಲ್ಲಿನ ಇನ್ನೊಬ್ಬ ಯುವಕನಿದ್ದ, ಅಡೆಮಾರ್ ಡ ಸಿಲ್ವ. ಪದಕದ ಹತ್ತಿರಕ್ಕೂ ಅವನು ಬರಲಿಲ್ಲ. ಆದರೆ ಎರಡು ಕಾಲೂ ಗಟ್ಟಿಯಾಗಿರುವಂತೆಯೇ ಊರಿಗೆ ಮರಳಿದ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ 16.22 ಮೀಟರ್ ಜಿಗಿದು ವಿಶ್ವದಾಖಲೆಯೊಡನೆ ಚಿನ್ನ ಗೆದ್ದ. ಮೆಲ್ಬರ್ನ್‌ನಲ್ಲಿ ಮತ್ತೊಂದು ಚಿನ್ನ. ಅವನಿಗೂ ರೆಬೆಲ್ಲೊನಿಗೂ ವಯಸ್ಸಿನಲ್ಲಿ ಒಂದೆರಡು ವರ್ಷದ ಅಂತರವಷ್ಟೇ. ಒಂದೇ ಮರಳಿನಿಂದ ಎದ್ದ ಇಬ್ಬರ ದಾರಿ ಹೀಗೆ ಕವಲೊಡೆದದ್ದನ್ನು ಓದುವಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಈಗಿನ ನಿಯಮಗಳು ಎಷ್ಟೋ ಮೇಲು. ಸರದಿ ಬಂದವರಿಗೆ ಗಡಿಯಾರ ಹಚ್ಚಿ ಸಮಯ ಕೊಡುತ್ತಾರೆ. ತನ್ನದಲ್ಲದ ಕಾರಣಕ್ಕೆ ಅಡ್ಡಿಯಾದರೆ ಬದಲಿ ಜಿಗಿತ ಕೊಡಲು ರೆಫರಿಗೆ ಅಧಿಕಾರವಿದೆ. ಆದರೆ ನಿಯಮ ಪುಸ್ತಕ ತಲುಪದ ಮೈದಾನಗಳು ನಮ್ಮ ಸುತ್ತಲೇ ಇವೆ. ಗೊಟ್ಟಿಗೆರೆಯಿರಲಿ, ಬನಶಂಕರಿಯಿರಲಿ, ಶಾಲಾ ಕ್ರೀಡಾಕೂಟಗಳಲ್ಲಿ ನಡೆಯುವುದನ್ನು ಯಾರು ನೋಡಿಲ್ಲ? ಮಕ್ಕಳು ಬೆಳಿಗ್ಗೆ ಏಳಕ್ಕೇ ಬಂದು, ಮೈ ಬಿಸಿ ಮಾಡಿಕೊಂಡು ಸಿದ್ಧರಾಗಿರುತ್ತಾರೆ. ಉದ್ದಜಿಗಿತ ಅರ್ಧಕ್ಕೆ ಬಂದಿರುತ್ತದೆ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬರುತ್ತದೆ. ಎಲ್ಲವೂ ನಿಲ್ಲುತ್ತದೆ. ಸ್ವಾಗತ, ದೀಪ ಬೆಳಗುವುದು, ಶಾಲು, ಹಾರ, ಭಾಷಣ. ಮಕ್ಕಳು ಸಾಲಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಭಾಷಣ ಮುಗಿದದ್ದೇ ತಡ ಮೈಕಿನಲ್ಲಿ ಹೆಸರು ಕೂಗುತ್ತಾರೆ, ಮಗು ಎದ್ದು ನೇರ ಓಡುತ್ತದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ವ್ಯಾನಿನಲ್ಲಿ ಮುದುಡಿ ಕುಳಿತು ಕಂಠೀರವ ಕ್ರೀಡಾಂಗಣ ತಲುಪಿ, ಇಳಿದ ಕೂಡಲೇ ಹೆಸರು ಕರೆಸಿಕೊಳ್ಳುವ ಮಕ್ಕಳ ಪಾಡೂ ಇದೇ. ತೊಡೆ ಹಿಡಿದುಕೊಂಡು ಕುಳಿತ ಹದಿಮೂರು ಹದಿನಾಲ್ಕರ ಮಕ್ಕಳನ್ನು ನೋಡಿದಾಗ ನನಗೆ ವೆಂಬ್ಲಿಯೇ ಕಣ್ಣಿಗೆ ಕಟ್ಟುತ್ತದೆ. ದೈಹಿಕ ಶಿಕ್ಷಕರಲ್ಲಿ ನಾನು ಕೈಮುಗಿದು ಕೇಳುವುದು ಇಷ್ಟೇ: ಸಮಾರಂಭಕ್ಕಾಗಿ ಆಟ ನಿಲ್ಲಿಸಲೇಬೇಕಾಗಿ ಬಂದರೆ, ಮತ್ತೆ ಶುರು ಮಾಡುವ ಮುನ್ನ ಹತ್ತು ನಿಮಿಷ ಮಕ್ಕಳನ್ನು ಓಡಾಡಲು ಬಿಡಿ. ವೇಳಾಪಟ್ಟಿಯಲ್ಲೇ ಅದನ್ನು ಬರೆದಿಡಿ. ಕೇಳುವ ಧೈರ್ಯ ಮಕ್ಕಳಿಗಿರುವುದಿಲ್ಲ, ಆದ್ದರಿಂದ ಕೇಳದೆಯೇ ಕೊಡಿ.

ರೆಬೆಲ್ಲೊ ಮತ್ತೆ ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಳ್ಳಲಿಲ್ಲ. ಬದುಕು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಭಾರತೀಯ ವಾಯುಪಡೆ ಸೇರಿ, ಗ್ರೂಪ್ ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು. ಮುಂದೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಎಳೆಯ ಪ್ರತಿಭೆಗಳನ್ನು ಹುಡುಕಿ ಬೆಳೆಸುವ ಕೆಲಸಕ್ಕೆ ಹೆಗಲು ಕೊಟ್ಟರು. ಅಂಥ ಪೆಟ್ಟು ತಿಂದವರು ಮೈದಾನದ ಕಡೆ ತಲೆ ಹಾಕಿಯೂ ಮಲಗದಿದ್ದರೆ ತಪ್ಪೆನ್ನಲಾಗದು. ಇವರು ಮರಳಿ ಬಂದು ಬೇರೆಯವರ ಮಕ್ಕಳಿಗಾಗಿ ದುಡಿದರು. ಅವರ ಸಾಹಸದಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2013ರ ಆಗಸ್ಟ್ 27ರಂದು ಗುರುಗ್ರಾಮದಲ್ಲಿ ತೀರಿಕೊಂಡಾಗ ಅವರಿಗೆ 84 ವರ್ಷ.

ಅವರು ಹಚ್ಚಿದ ಆಸೆ ಈ ದೇಶದ ಮರಳಿನಲ್ಲಿ ಆರಲಿಲ್ಲ. 1958ರ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ ಮೊಹಿಂದರ್ ಸಿಂಗ್ 15.62 ಮೀಟರ್ ಜಿಗಿದು ಚಿನ್ನ ತಂದರು. 2016ರ ಜುಲೈನಲ್ಲಿ ಕೇರಳದ ರಂಜಿತ್ ಮಹೇಶ್ವರಿ 17.30 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದರು. ಆ ಜಿಗಿತ ಆದದ್ದು ನಮ್ಮ ಬೆಂಗಳೂರಿನಲ್ಲೇ. 2022ರ ಆಗಸ್ಟ್ 7ರಂದು ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕೂಟದಲ್ಲಿ, ರೆಬೆಲ್ಲೊ ಬಿದ್ದ ಅದೇ ಇಂಗ್ಲೆಂಡಿನ ನೆಲದಲ್ಲಿ, ಎಲ್ದೋಸ್ ಪೌಲ್ 17.03 ಮೀಟರ್ ಜಿಗಿದರು, ಅಬ್ದುಲ್ಲ ಅಬೂಬಕರ್ 17.02. ಚಿನ್ನವೂ ಬೆಳ್ಳಿಯೂ ಭಾರತಕ್ಕೆ! ಪ್ರವೀಣ್ ಚಿತ್ರವೇಲ್ ಮೂರು ಸೆಂಟಿಮೀಟರಿನಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಮರುವರ್ಷ ಮೇ ತಿಂಗಳಲ್ಲಿ ಹವಾನಾದಲ್ಲಿ ಅದೇ ಪ್ರವೀಣ್ 17.37 ಮೀಟರ್ ಹಾರಿ ಬೆಂಗಳೂರಿನ ದಾಖಲೆಯನ್ನು ಮುರಿದರು.